ಚಳಿಗಾಲದ ಹಿಮಾಲಯಕ್ಕೆ ಹೋಗ್ತಿದ್ದೀರಾ? ಹಿಮಕ್ಕಿಂತ ಮೊದಲು ಮಳೆಗೆ ತಯಾರಾಗಿ

ಡಿಸೆಂಬರ್ ಬಂತು ಅಂದರೆ ಮನಾಲಿ, ಶಿಮ್ಲಾ, ಉತ್ತರಾಖಂಡದ ಕೇದಾರಕಂಠ ಬೆಟ್ಟ ಅಂತ ಹೊರಡುವವರು ನಮ್ಮಲ್ಲಿ ತುಂಬ ಜನ. ಎಲ್ಲರೂ ಹಿಮಕ್ಕೆ ತಯಾರಾಗುತ್ತಾರೆ. ಮಳೆಯ ಯೋಚನೆ ಯಾರಿಗೂ ಇರುವುದಿಲ್ಲ. ಆಗುಂಬೆ, ಕೊಡಗಿನ ಮಳೆಯಲ್ಲಿ ದಿನವಿಡೀ ನೆನೆದು, ಮನೆಗೆ ಬಂದು ತಲೆ ಒರೆಸಿಕೊಂಡು ಬಿಸಿ ಕಾಫಿ ಕುಡಿದು ಬೆಳೆದ ನಮಗೆ ಮಳೆ ಅಂದರೆ ಹೆದರಿಕೆ ಇಲ್ಲ, ಅಲ್ವಾ? ಅಲ್ಲಿನ ಚಳಿಗಾಲದ ಮಳೆ ಹಾಗಲ್ಲ. ಒಂದೆರಡು ಡಿಗ್ರಿಯಲ್ಲಿ ಗಾಳಿ ಜೊತೆ ಬೀಳುವ ಮಳೆ ಒಣ ಹಿಮಕ್ಕಿಂತ ಜಾಸ್ತಿ ಅಪಾಯ. ಒಣ ಹಿಮ ಜಾಕೆಟ್ ಮೇಲೆ ಬಿದ್ದರೆ ಕೊಡವಿ ಬಿಡಬಹುದು. ನೀರು ಒಳಗೆ ಇಳಿದರೆ ಮೈಯ ಬಿಸಿಯನ್ನೆಲ್ಲ ಎಳೆದುಕೊಳ್ಳುತ್ತದೆ.

ಈ ಮಳೆ ಎಲ್ಲಿಂದ ಬರುತ್ತದೆ ಅಂತ ಗೊತ್ತಿದ್ದರೆ ಅರ್ಧ ಕೆಲಸ ಆದ ಹಾಗೆ. ಇದನ್ನು ತರುವುದು ಪಶ್ಚಿಮದಿಂದ ಬರುವ ಮಳೆ-ಹಿಮದ ಹವೆ, ಹವಾಮಾನ ಇಲಾಖೆಯವರು ಅದನ್ನು ವೆಸ್ಟರ್ನ್ ಡಿಸ್ಟರ್ಬೆನ್ಸ್ ಅನ್ನುತ್ತಾರೆ. ಮೆಡಿಟರೇನಿಯನ್ ಕಡೆ ಹುಟ್ಟಿ, ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನ ದಾಟಿ ಬಂದು ಹಿಮಾಲಯಕ್ಕೆ ಅಪ್ಪಳಿಸುತ್ತದೆ. ಅಷ್ಟು ದೂರದಿಂದ ಬರುವುದರಿಂದ ಸಾಮಾನ್ಯವಾಗಿ ಕೆಲವು ದಿನ ಮೊದಲೇ ಸುಳಿವು ಸಿಗುತ್ತದೆ. ಹೊರಡುವ ವಾರ ಪೂರ್ತಿ ಹವಾಮಾನ ಇಲಾಖೆಯ 'ಮೌಸಮ್' ಆ್ಯಪ್ ನೋಡಿ. ನೀವು ಹೋಗುವ ಜಿಲ್ಲೆಗೆ ಆರೆಂಜ್ ಅಥವಾ ರೆಡ್ ಅಲರ್ಟ್ ಇದ್ದರೆ ಆ ದಿನ ಮೇಲೆ ಹತ್ತಬೇಡಿ. ಬುಕಿಂಗ್ ದುಡ್ಡು ಹೋದರೆ ಹೋಗಲಿ.

ಮುನ್ಸೂಚನೆ ಓದುವಾಗ ಒಂದು ಲೆಕ್ಕ ನೆನಪಿಡಿ. ಸಾವಿರ ಮೀಟರ್ ಏರಿದರೆ ಸುಮಾರು 6 ಡಿಗ್ರಿ ಇಳಿಯುತ್ತದೆ. ಕೇದಾರಕಂಠಕ್ಕೆ ಹತ್ತಲು ಶುರು ಮಾಡುವ ಸಾಂಕ್ರಿ ಊರು ಸುಮಾರು 1,950 ಮೀಟರ್ ಎತ್ತರದಲ್ಲಿದೆ, ತುದಿ ಸುಮಾರು 3,800. ಸಾಂಕ್ರಿಯಲ್ಲಿ 4 ಡಿಗ್ರಿ ಇದ್ದು ಮಳೆ ಬರ್ತಿದ್ದರೆ ತುದಿಯಲ್ಲಿ ಸೊನ್ನೆಗಿಂತ ಏಳೆಂಟು ಡಿಗ್ರಿ ಕೆಳಗೆ, ಜೊತೆಗೆ ಹಿಮ. ನಡುವಿನ ಕಾಡಿನ ದಾರಿಯಲ್ಲಿ ಮಳೆ, ಹಿಮ ಎರಡೂ ಬೆರೆತು ಬೀಳುತ್ತದೆ. ಜನ ನೆನೆಯುವುದು ಅಲ್ಲೇ. ಗಾಳಿಯನ್ನೂ ಸೇರಿಸಿಕೊಳ್ಳಿ: ಸೊನ್ನೆ ಡಿಗ್ರಿಯಲ್ಲಿ ಗಂಟೆಗೆ 40 ಕಿಲೋಮೀಟರ್ ಗಾಳಿ ಬೀಸಿದರೆ ಚರ್ಮಕ್ಕೆ ಮೈನಸ್ 7ರ ಹಾಗೆ ಕೊರೆಯುತ್ತದೆ.

ನೆಟ್‌ವರ್ಕ್ ಇಲ್ಲದ ಕಡೆ ಆಕಾಶವನ್ನೇ ನೋಡಬೇಕು. ತುಂಬ ಎತ್ತರದಲ್ಲಿ ಕುದುರೆ ಬಾಲದಂಥ ತೆಳು ಮೋಡ, ರಾತ್ರಿ ಚಂದ್ರನ ಸುತ್ತ ದೊಡ್ಡ ಬಳೆ, ಹಿಂದಿನ ರಾತ್ರಿಗಿಂತ ಚಳಿ ಕಡಿಮೆ. ಈ ಮೂರೂ ಸೇರಿದರೆ ಒಂದೆರಡು ದಿನದಲ್ಲಿ ಹವೆ ಕೆಡಬಹುದು. ಎತ್ತರ ತೋರಿಸುವ ವಾಚ್ ಇದ್ದರೆ ಇನ್ನೂ ಸುಲಭ. ಟೆಂಟ್‌ನಲ್ಲಿ ಸುಮ್ನೆ ಮಲಗಿದ್ದಾಗಲೂ ಅದು 'ನೀವು ಐವತ್ತು ಮೀಟರ್ ಮೇಲೆ ಏರಿದ್ದೀರಿ' ಅಂತ ತೋರಿಸಿದರೆ ಗಾಳಿಯ ಒತ್ತಡ ಇಳಿದಿದೆ, ಹವೆ ಕೆಡಬಹುದು ಅಂತ ಅರ್ಥ.

ಈಗ ಬಟ್ಟೆ. ಜೀನ್ಸ್, ಕಾಟನ್ ಬನಿಯನ್ ಮನೆಯಲ್ಲೇ ಬಿಡಿ. ಹತ್ತಿ ಒಮ್ಮೆ ನೆನೆದರೆ ಆ ಚಳಿಯಲ್ಲಿ ಒಣಗುವುದೇ ಇಲ್ಲ. ಮೈಗೆ ತಾಗುವಂತೆ ಉಣ್ಣೆ ಅಥವಾ ಸಿಂಥೆಟಿಕ್, ಅದರ ಮೇಲೆ ಫ್ಲೀಸ್, ಹೊರಗೆ ನೀರು ಇಳಿಯದ ಜಾಕೆಟ್ ಮತ್ತು ಪ್ಯಾಂಟ್. ತಲೆ ಮೇಲಿಂದ ಹೊದೆಯುವ ಸಡಿಲ ಮಳೆಕೋಟು, ಪೋಂಚೋ ಒಂದನ್ನೇ ನಂಬಬೇಡಿ, ಬೆಟ್ಟದ ಏಣಿನಲ್ಲಿ ಗಾಳಿ ಅದನ್ನು ತಲೆ ಮೇಲೆ ಎತ್ತಿ ಹಾಕುತ್ತದೆ. ಒಂದು ಜೊತೆ ಒಣ ಬಟ್ಟೆ, ಎರಡು ಜೊತೆ ಉಣ್ಣೆ ಕಾಲುಚೀಲವನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ಎಷ್ಟೇ ಆಸೆಯಾದರೂ ನಡೆಯುವಾಗ ಅದನ್ನು ಹಾಕಬೇಡಿ, ಅದು ರಾತ್ರಿಗೆ. ಮಳೆ ಶುರುವಾಗುವ ಮೊದಲೇ ಜಾಕೆಟ್ ಹಾಕಿಕೊಳ್ಳಿ. ನಾನು ಒಮ್ಮೆ 'ಇನ್ನೊಂದು ತಿರುವು ಆಗಲಿ' ಅಂತ ನಡೆದೆ. ಹತ್ತೇ ನಿಮಿಷದಲ್ಲಿ ಗ್ಲೌಸ್ ಒದ್ದೆ, ಬೆರಳಿಗೆ ಸ್ಪರ್ಶವೇ ಇಲ್ಲ, ಜಿಪ್ಪಿನ ಎರಡು ತುದಿ ಜೋಡಿಸಲು ಆಗಲಿಲ್ಲ. ಕೊನೆಗೆ ಜೊತೆಗಿದ್ದ ಗೈಡ್ ಮಗುವಿಗೆ ಹಾಕುವ ಹಾಗೆ ಕುತ್ತಿಗೆ ತನಕ ಎಳೆದು ಹಾಕಿದರು. ಆವತ್ತಿನ ಹೆದರಿಕೆ ಇನ್ನೂ ಇದೆ.

ಜೊತೆಯವರ ಕಡೆ ಕಣ್ಣಿಡಿ. ಮೈಯ ಬಿಸಿ ಅಪಾಯದ ಮಟ್ಟಕ್ಕೆ ಇಳಿಯುತ್ತಿದೆ ಅನ್ನುವುದಕ್ಕೆ ನಡುಗುವುದು ಮೊದಲ ಲಕ್ಷಣ. ಮಾತು ತೊದಲಿದರೆ, ಕಾಲು ತಡವರಿಸಿದರೆ ಅಲ್ಲೇ ನಿಲ್ಲಿ. ನಡುಕ ತಾನಾಗಿ ನಿಂತು ಮಂಕಾದರೆ ಚೇತರಿಕೆ ಅಂದುಕೊಳ್ಳಬೇಡಿ, ಸ್ಥಿತಿ ಇನ್ನೂ ಕೆಟ್ಟಿದೆ. ಗಾಳಿಯಿಂದ ಮರೆಗೆ ಕರೆದುಕೊಂಡು ಹೋಗಿ, ಒದ್ದೆ ಬಟ್ಟೆ ತೆಗೆದು ಒಣ ಬಟ್ಟೆ ಹಾಕಿ ಸ್ಲೀಪಿಂಗ್ ಬ್ಯಾಗ್‌ಗೆ ಸೇರಿಸಿ. ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಕಂಕುಳಲ್ಲಿ, ಎದೆ ಮೇಲೆ ಇಡಿ. ಪೂರ್ತಿ ಎಚ್ಚರ ಇದ್ದು ನುಂಗಲು ಆಗ್ತಿದ್ದರೆ ಮಾತ್ರ ಸಕ್ಕರೆ ಹಾಕಿದ ಬಿಸಿ ಟೀ ಕೊಡಿ. ಕೈಕಾಲು ತಿಕ್ಕಬೇಡಿ. ರಮ್ ಬೇಡವೇ ಬೇಡ. ಆಮೇಲೆ ಆದಷ್ಟು ಬೇಗ ಕೆಳಗೆ ಇಳಿಸುವ ದಾರಿ ನೋಡಿ, ಸಿಗ್ನಲ್ ಸಿಕ್ಕ ಕಡೆ 112ಕ್ಕೆ ಕರೆ ಮಾಡಿ.

2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣದ ದಾರಿಯಲ್ಲಿ ಹವೆ ಕೆಟ್ಟು ಕರ್ನಾಟಕದಿಂದ ಹೋದ ತಂಡದ ಒಂಬತ್ತು ಜನ ತೀರಿಕೊಂಡರು. ಅದು ಬೇಸಿಗೆ. ಚಳಿಗಾಲದಲ್ಲಿ ಗೈಡ್ 'ವಾಪಸ್ ಹೋಗೋಣ' ಅಂದರೆ ವಾದ ಮಾಡಬೇಡಿ.

ರೂಮಿನಲ್ಲಿ ಇರುವವರಿಗೂ ಒಂದು ಮಾತು. ಕರೆಂಟ್ ಹೋಯಿತು ಅಂತ ಇದ್ದಿಲಿನ ಅಂಗೀಠಿಯನ್ನು (ಅಗ್ಗಿಷ್ಟಿಕೆ) ಒಳಗಿಟ್ಟು ಬಾಗಿಲು ಹಾಕಿ ಮಲಗಬೇಡಿ. ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಗಾಳಿಗೆ ವಾಸನೆ ಇಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತದೆ. ಟೆಂಟ್ ಒಳಗೆ ಸ್ಟವ್ ಕೂಡ ಹಚ್ಚಬೇಡಿ.

ಮಳೆ ನಿಂತ ಮರುದಿನ ಆಕಾಶ ತೊಳೆದ ಹಾಗಿರುತ್ತದೆ, ಎಲ್ಲರಿಗೂ ಹೊರಡುವ ಅವಸರ. ಮೋಡ ಸರಿದ ರಾತ್ರಿಯೇ ಚಳಿ ಜಾಸ್ತಿ. ರಸ್ತೆ ಮೇಲಿನ ನೀರು ಗಾಜಿನಂತೆ ಹೆಪ್ಪುಗಟ್ಟಿರುತ್ತದೆ, ಡಾಂಬರಿನ ಬಣ್ಣವೇ ಕಾಣುವುದರಿಂದ ಡ್ರೈವರ್‌ಗೂ ತಿಳಿಯುವುದಿಲ್ಲ. ಬಿಸಿಲು ರಸ್ತೆಗೆ ಬೀಳುವ ತನಕ, ಅಂದರೆ ಹತ್ತು ಗಂಟೆ ಆದರೂ ಸರಿ, ಕಾಯಿರಿ. ವಾಪಸ್ ಬರುವ ವಿಮಾನದ ಟಿಕೆಟ್ ತೆಗೆಯುವಾಗಲೇ ಇದಕ್ಕೆಂದು ಎರಡು ದಿನ ಖಾಲಿ ಬಿಟ್ಟಿರಿ.