ಮಳೆಯಲ್ಲಿ ಒಬ್ಬಳೇ ಸಾಂಟಿಯಾಗೊ ತನಕ ನಡೆದಿದ್ದು

ಸಾಗರದ ಕಡೆ ಹುಟ್ಟಿ ಬೆಳೆದವಳು ನಾನು, ಮಳೆ ನಂಗೆ ಹೊಸದಲ್ಲ, ಆಷಾಢದಲ್ಲಿ ಯೂನಿಫಾರ್ಮನ್ನ ಒಲೆ ಮೇಲೆ ಒಣಗಿಸ್ಕೊಂಡು ಸ್ಕೂಲಿಗೆ ಹೋದವರು ನಾವು. ಆದ್ರೂ ಸ್ಪೇನಿನ ಗಲಿಸಿಯಾದ ಮಳೆಗೆ ನಾನು ರೆಡಿ ಇರ್ಲಿಲ್ಲ. ಅಲ್ಲಿ ಮಳೆ, ಗಾಳಿ, ಚಳಿ ಮೂರೂ ಒಟ್ಟಿಗೆ ಬರುತ್ತೆ.

ಹೋಗಿದ್ದು 2023ರ ಅಕ್ಟೋಬರ್ ಕೊನೇಲಿ. ಜರ್ಮನಿಯಲ್ಲಿ ಕೆಲಸ, ಎರಡು ವಾರ ರಜೆ ಸಿಕ್ತು. ಕಾಮಿನೊ ಫ್ರಾನ್ಸೆಸ್ ಅನ್ನೋ ಯಾತ್ರೆ ದಾರಿ ಪೂರ್ತಿ ಸುಮಾರು 780 ಕಿ.ಮೀ., ಫ್ರಾನ್ಸ್ ಗಡಿಯಿಂದ ಸಾಂಟಿಯಾಗೊ ದೇ ಕಾಂಪೊಸ್ತೆಲಾದ ಚರ್ಚಿನ ತನಕ, ಅಲ್ಲಿ ಯೇಸುವಿನ ಶಿಷ್ಯ ಸಂತ ಯಾಕೋಬನ ಸಮಾಧಿ ಇದೆ ಅಂತ ನಂಬಿಕೆ. ನಾನು ನಡೆದಿದ್ದು ಪೊನ್ಫೆರಾದಾದಿಂದ, ಕೊನೇ 205 ಕಿ.ಮೀ. ಚಿಲ್ಲರೆ, ಒಂಬತ್ತು ದಿನ. ಅಪ್ಪ ಶಿವರಾತ್ರಿಗೆ ಧರ್ಮಸ್ಥಳಕ್ಕೆ ನಡ್ಕೊಂಡು ಹೋಗೋರು, ಅವರದ್ದು ದೊಡ್ಡ ಗುಂಪು. ಅಪ್ಪ ತೀರ್ಕೊಂಡ ಮೇಲೆ ನಂಗೂ ಒಂದ್ಸಲ ನಡೀಬೇಕು, ಒಬ್ಬಳೇ ನಡೀಬೇಕು ಅಂತ ತುಂಬಾ ಇತ್ತು.

ಮೊದಲು ಬ್ಯಾಗಿನ ವಿಷ್ಯ ಹೇಳ್ಬಿಡ್ತೀನಿ, ಯಾಕಂದ್ರೆ ಮಳೇಲಿ ಎಲ್ಲಾ ನಿಂತಿರೋದು ಅದ್ರ ಮೇಲೇನೇ. ಬ್ಯಾಗಿಗೆ ಹೊರಗಿಂದ ಹಾಕೋ ರೈನ್ ಕವರ್ ಸಾಕಾಗಲ್ಲ, ಬೆನ್ನಿಗೆ ತಾಗಿರೋ ಕಡೆಯಿಂದ ನೀರು ಇಳಿಯುತ್ತೆ, ನಂಗೆ ಮೊದಲನೇ ದಿನವೇ ಹಾಗಾಯ್ತು. ಮಾರನೇ ದಿನ ಅಂಗಡೀಲಿ ದಪ್ಪ ಕಸದ ಚೀಲದ ರೋಲ್ ತಗೊಂಡು ಬ್ಯಾಗಿನ ಒಳಗೆ ಒಂದು ಹಾಕಿ, ಅದ್ರೊಳಗೆ ಎಲ್ಲಾ ತುಂಬಿ ಬಾಯಿ ತಿರುಚಿ ಇಟ್ಟೆ, ಆಮೇಲೆ ಒಂದು ಹನಿ ಒಳಗೆ ಹೋಗ್ಲಿಲ್ಲ. ಬಟ್ಟೆ ಎರಡೇ ಜೊತೆ: ಒಂದು ನಡೆಯೋಕೆ, ಅದು ನೆನೆಯೋದೇ, ಇನ್ನೊಂದು ರಾತ್ರಿಗೆ, ಅದನ್ನ ಏನೇ ಆದ್ರೂ ದಾರೀಲಿ ಮುಟ್ಟಬಾರ್ದು. ಬೆಳಗ್ಗೆ ಎದ್ದು ತಣ್ಣಗಿನ ಒದ್ದೆ ಸಾಕ್ಸ್ ಹಾಕ್ಕೊಳ್ಳೋವಾಗ ಬೆಚ್ಚಗಿರೋದನ್ನೇ ಹಾಕ್ಕೊಂಡ್ಬಿಡೋಣ ಅನ್ಸುತ್ತೆ, ಹಾಗೆ ಮಾಡಿದ್ರೆ ಸಂಜೆಗೆ ಒಣಗಿದ್ದು ಒಂದೂ ಉಳಿಯಲ್ಲ. ಪಾದಕ್ಕೆ ದಿನಾ ಬೆಳಗ್ಗೆ ವ್ಯಾಸಲೀನ್ ದಪ್ಪಗೆ ಬಳೀತಿದ್ದೆ, ಬೆರಳ ಸಂದಿಗೂ. ಒಂದೇ ಒಂದು ಗುಳ್ಳೆ ಎದ್ದಿದ್ದು. ಶೂ ನೆನೆದೇ ನೆನೆಯುತ್ತೆ, ವಾಟರ್‌ಪ್ರೂಫ್ ಆದ್ರೂ ಮೇಲಿಂದ ನೀರು ಹೋಗುತ್ತೆ. ಆಲ್ಬೆರ್ಗೆ ಅಂತಾರಲ್ಲ, ಯಾತ್ರಿಕರು ಉಳ್ಕೊಳ್ಳೋ ಜಾಗ, ಅಲ್ಲಿ ಬಾಗಿಲ ಹತ್ರ ಹಳೇ ಪೇಪರ್ ಇರುತ್ತೆ, ಅದನ್ನ ಉಂಡೆ ಮಾಡಿ ಶೂ ಒಳಗೆ ತುರುಕಿ, ಒಂದು ಗಂಟೆ ಬಿಟ್ಟು ತೆಗೆದು ಮತ್ತೆ ಹೊಸದು ತುರುಕಬೇಕು. ಎರಡನೇ ಸಲದ್ದೇ ಮುಖ್ಯ, ಎಲ್ಲರೂ ಒಂದ್ಸಲ ತುರುಕಿ ಮಲಗ್ಬಿಡ್ತಾರೆ.

ನಂಗೆ ಕಷ್ಟ ಆಗಿದ್ದು ಎರಡನೇ ದಿನ, ಓ ಸೆಬ್ರೈರೊ ಹತ್ತೋವಾಗ. ಸುಮಾರು 1,300 ಮೀಟರ್ ಎತ್ತರದ ಊರು ಅದು. ಲಾ ಫಾಬಾ ಅನ್ನೋ ಹಳ್ಳಿ ದಾಟೋ ಹೊತ್ತಿಗೆ ಹತ್ತಿ ಹತ್ತಿ ಮೈಯೆಲ್ಲ ಬೆವರು, ಹೊರಗೆ ಮಳೆ, ಒಳಗೂ ಒದ್ದೆ. ಹಸಿವಾಯ್ತು ಅಂತ ಒಂದು ಕಲ್ಲಿನ ಗೋಡೆ ಪಕ್ಕ ಕೂತು ಬ್ರೆಡ್ಡಿಗೆ ಶೇಂಗಾ ಚಟ್ನಿಪುಡಿ ಹಾಕ್ಕೊಂಡು ತಿಂದೆ, ಹತ್ತು ನಿಮಿಷ ಇರ್ಬೇಕು ಅಷ್ಟೇ. ಎದ್ದಾಗ ಹಲ್ಲು ಕಟಕಟ ಅಂತಿತ್ತು, ಜಾಕೆಟ್ಟಿನ ಜಿಪ್ ಹಿಡಿಯೋಕೆ ಹೋದ್ರೆ ಬೆರಳು ಮಡಚ್ತಾನೇ ಇಲ್ಲ. ಮುಂದೆ ಹಿಂದೆ ಯಾರೂ ಇಲ್ಲ, ಬರೀ ಮಂಜು. ಜೊತೇಲಿ ಒಬ್ಬರು ಇದ್ದಿದ್ರೆ ನಿನ್ ತುಟಿ ನೀಲಿ ಆಗಿದೆ ಕಣೇ ಅಂತ ಹೇಳೋರು, ಒಬ್ಬರೇ ಇದ್ದಾಗ ಅದನ್ನ ನಾವೇ ನೋಡ್ಕೋಬೇಕು. ನಿಂತ್ರೆ ಕೆಟ್ಟೆ ಅಂತ ಗೊತ್ತಾಗಿ, ಕೈನ ಕಂಕುಳಲ್ಲಿ ಇಟ್ಕೊಂಡು ನಡೆದೆ, ಹಾಗೇ ಲಾ ಲಗುನಾ ಅನ್ನೋ ಹಳ್ಳಿ ಸಿಕ್ತು, ಅಲ್ಲಿ ಒಂದು ಬಾರ್. ಅಲ್ಲೆಲ್ಲ ಬಾರ್ ಅಂದ್ರೆ ಕಾಫಿ ತಿಂಡಿನೂ ಸಿಗೋ ಜಾಗ. ಅಲ್ಲಿದ್ದ ಅಮ್ಮ ನನ್ನ ನೋಡಿದ್ದೇ ಏನೂ ಕೇಳ್ದೇನೇ ಒಲೆ ಹತ್ರ ಕುರ್ಚಿ ಎಳೆದ್ರು, ಹಾಲು ಹಾಕಿದ ಕಾಫಿಯ ಗ್ಲಾಸನ್ನ ನನ್ನ ಎರಡೂ ಕೈ ಮಧ್ಯೆ ಇಟ್ಟು ಮೇಲಿಂದ ತಮ್ಮ ಕೈ ಮುಚ್ಚಿ ಹಿಡ್ಕೊಂಡ್ರು, ಬೆರಳಿಗೆ ಜೀವ ಬರೋವರೆಗೂ ಬಿಡ್ಲಿಲ್ಲ. ಅವರ ಭಾಷೆ ನಂಗೆ ಬರಲ್ಲ, ನನ್ನದು ಅವರಿಗೆ ಬರಲ್ಲ. ಅದನ್ನ ನೆನೆಸ್ಕೊಂಡ್ರೆ ಈಗ್ಲೂ ಕಣ್ಣು ತುಂಬುತ್ತೆ. ಅವತ್ತಿಂದ ಬಯಲಲ್ಲಿ ಕೂರೋದು ಬಿಟ್ಟೆ, ಸೂರು ಸಿಕ್ಕಿದ್ರೆ ಮಾತ್ರ ರೆಸ್ಟ್, ಕೂತ ತಕ್ಷಣ ಬೆಚ್ಚಗಿನ ಪದರ ಮೈ ಮೇಲೆ, ದಾರೀಲಿ ಆದ್ರೆ ನಡೀತಾನೇ ತಿನ್ನೋದು.

ದಾರಿ ತಪ್ಪೋ ಭಯ ಮಾತ್ರ ಇರ್ಲಿಲ್ಲ. ಮಂಜಲ್ಲೂ ಹಳದಿ ಬಾಣದ ಗುರುತು ಕಾಣುತ್ತೆ, ಅದನ್ನ 1980ರ ದಶಕದಲ್ಲಿ ಬರೆಯೋಕೆ ಶುರು ಮಾಡಿದ್ದು ಇದೇ ಓ ಸೆಬ್ರೈರೊ ಚರ್ಚಿನ ಪಾದ್ರಿ ಎಲಿಯಾಸ್ ವಲಿನ್ಯಾ. ಗಲಿಸಿಯಾದ ಒಳಗೆ ಕಿಲೋಮೀಟರ್ ಕೆತ್ತಿದ ಕಂಬಗಳೂ ಇವೆ. ಕತ್ತಲೆ ವಿಷ್ಯ ಯಾರೂ ಹೇಳಿರ್ಲಿಲ್ಲ, ಆ ಟೈಮಲ್ಲಿ ಬೆಳಗ್ಗೆ ಎಂಟೂವರೆ ಆದ್ರೂ ಸರಿಯಾಗಿ ಬೆಳಕಾಗಲ್ಲ, ಹೆಡ್‌ಲ್ಯಾಂಪ್ ಬೇಕೇ ಬೇಕು.

ಸಾರಿಯಾ ಅನ್ನೋ ಊರಿಂದ ಮುಂದೆ ಜನ ಜಾಸ್ತಿ, ಯಾತ್ರೆ ಮುಗಿಸಿದ್ದಕ್ಕೆ ಕೊಡೋ ಸರ್ಟಿಫಿಕೇಟಿಗೆ ಕನಿಷ್ಠ 100 ಕಿ.ಮೀ. ನಡೆದಿರ್ಬೇಕು ಅನ್ನೋದಕ್ಕೆ ತುಂಬಾ ಜನ ಅಲ್ಲಿಂದ್ಲೇ ಶುರು ಮಾಡ್ತಾರೆ. ಅಲ್ಲಿಂದ ಸೋನೆ ಮಳೆ, ಅವರ ಭಾಷೇಲಿ ಒರ್ಬಾಲ್ಯೊ, ನಮ್ಮ ಸೋನೆಯ ಹಾಗೇ ಶಬ್ದನೇ ಇರಲ್ಲ. ಪಾಚಿ ಹಿಡಿದ ಕಲ್ಲುಗೋಡೆ, ಜರಿಗಿಡ, ಕಲ್ಲಿನ ಕಾಲ್ಗಳ ಮೇಲೆ ನಿಂತ ಕಣಜ, ಊರಿಗೇ ಬಂದ ಹಾಗೆ ಆಗ್ತಿತ್ತು. ಅರ್ಸುವಾ ಅನ್ನೋ ಊರು ದಾಟಿದ ಮೇಲೆ ನೀಲಗಿರಿ ತೋಪು ಸಿಗುತ್ತೆ, ಮಳೇಲಿ ಅದ್ರ ವಾಸನೆ ಬಂದಾಗ ಅಪ್ಪ ನೆಗಡಿಗೆ ಬಿಸಿನೀರಲ್ಲಿ ಎಲೆ ಹಾಕಿ ಆವಿ ಹಿಡಿಸ್ತಿದ್ದಿದ್ದು ನೆನಪಾಗಿ ನಿಂತ್ಬಿಟ್ಟೆ.

ಊಟಕ್ಕೆ ಮಾಂಸ ತಿನ್ನದವರು ಎಚ್ಚರ ಇರಿ, ಗಲಿಸಿಯಾದ ಸೊಪ್ಪಿನ ಸೂಪಲ್ಲೂ ಹಂದಿ ಕೊಬ್ಬು ಹಾಕ್ತಾರೆ. ಮೊಟ್ಟೆ ತಿಂತೀರಾದ್ರೆ ಆಲೂಗಡ್ಡೆ ತೊರ್ತಿಯಾ, ಅಂದ್ರೆ ಆಲೂಗಡ್ಡೆ ಹಾಕಿದ ದಪ್ಪ ಆಮ್ಲೆಟ್, ಎಲ್ಲಾ ಕಡೆ ಸಿಗುತ್ತೆ. ನವೆಂಬರ್ ಹತ್ರ ಹೋದ್ರೆ ಎಷ್ಟೋ ಆಲ್ಬೆರ್ಗೆ ಮುಚ್ಚಿರುತ್ತೆ, ಹಿಂದಿನ ದಿನವೇ ಫೋನ್ ಮಾಡಿ ಕೇಳ್ಕೊಳಿ. ಎಮರ್ಜೆನ್ಸಿಗೆ 112.

ಸಾಂಟಿಯಾಗೊ ತಲುಪಿದಾಗ್ಲೂ ಮಳೇನೇ. ಊರು ಊರಲ್ಲಿ ಸೀಲ್ ಹಾಕಿಸ್ಕೊಳ್ಳೋ ಯಾತ್ರಿಕರ ಪಾಸ್‌ಪೋರ್ಟನ್ನ ಪೂರ್ತಿ ದಾರಿ ಜಿಪ್ ಕವರಲ್ಲಿ ಇಟ್ಟಿದ್ದೆ, ಎಲ್ಲಾ ಸೀಲೂ ನೀಟಾಗಿದೆ, ಲಾ ಲಗುನಾದ ಆ ಬಾರಿನದ್ದೊಂದು ಬಿಟ್ಟು. ಅವತ್ತು ಒದ್ದೆ ಕೈಯಲ್ಲೇ ತೆಗೆದಿದ್ದಕ್ಕೆ ಶಾಯಿ ಹರಡಿ ಊರಿನ ಹೆಸ್ರು ಓದೋಕೇ ಆಗಲ್ಲ.