ಕ್ಯಾಮೆರಾ ಡಬ್ಬ ತೆರೆಯುವ ಮುಂಚೆ ರೂಟರ್ ನೋಡಿ

ಮನೆಗೆ ಹೊಸ ವೈಫೈ ಕ್ಯಾಮೆರಾ, ಸ್ಮಾರ್ಟ್ ಟಿವಿ, ಒಂದೆರಡು ಸ್ಮಾರ್ಟ್ ಪ್ಲಗ್ ತಂದಾಗ ಅವನ್ನೆಲ್ಲ ಡಬ್ಬದಲ್ಲೇ ಬಿಟ್ಟು ಮೊದಲು ರೂಟರ್ ಸರಿ ಮಾಡಿಕೊಂಡೆ. ಇವೆಲ್ಲ ಹೊರಗಿನ ಇಂಟರ್ನೆಟ್ ಜೊತೆ ಮಾತಾಡೋದು ಅದರ ಮೂಲಕವೇ ಅಲ್ವಾ?

ಮೊದಲ ಕೆಲಸ ರೂಟರ್‌ನ ಅಡ್ಮಿನ್ ಪಾಸ್‌ವರ್ಡ್ ಬದಲಿಸಿದ್ದು. ವೈಫೈ ಪಾಸ್‌ವರ್ಡ್ ಬೇರೆ, ರೂಟರ್‌ನ ಸೆಟ್ಟಿಂಗ್ ಪುಟ ತೆರೆಯೋ ಇದು ಬೇರೆ. ತುಂಬ ಜನ ಅದನ್ನು ಬದಲಿಸಿ ಇದನ್ನು ಹಾಗೇ ಬಿಟ್ಟಿರುತ್ತಾರೆ. 2016ರಲ್ಲಿ ಮಿರಾಯ್ ಅನ್ನೋ ಮಾಲ್‌ವೇರ್ (ಹಾನಿ ಮಾಡೋ ಸಾಫ್ಟ್‌ವೇರ್) ಹಬ್ಬಿದ್ದೇ ಇಂಥ ಪಾಸ್‌ವರ್ಡ್‌ಗಳಿಂದ. ಕಂಪನಿಗಳು ಮೊದಲೇ ಹಾಕಿಕೊಟ್ಟ ಯೂಸರ್‌ನೇಮ್, ಪಾಸ್‌ವರ್ಡ್‌ಗಳ ಸುಮಾರು 60 ಜೋಡಿ ಅದರೊಳಗೇ ಇದ್ದವು. ಅವನ್ನೇ ಹಾಕಿ ನೋಡುತ್ತಾ ಲಕ್ಷಾಂತರ ಕ್ಯಾಮೆರಾ, ಡಿವಿಆರ್ (ಕ್ಯಾಮೆರಾದ ವಿಡಿಯೊ ರೆಕಾರ್ಡ್ ಮಾಡೋ ಪೆಟ್ಟಿಗೆ), ರೂಟರ್‌ಗಳಿಗೆ ನುಗ್ಗಿತು. ಆಫ್ ಮಾಡಿ ಆನ್ ಮಾಡಿದರೆ ಅದು ಮೆಮೊರಿಯಿಂದ ಅಳಿಸಿಹೋಗುತ್ತಿತ್ತು, ನಿಜ. ಆದರೆ ಪಾಸ್‌ವರ್ಡ್ ಹಳೆಯದೇ ಇದ್ದರೆ ಸ್ವಲ್ಪ ಹೊತ್ತಿನಲ್ಲೇ ಮತ್ತೆ ಒಳಗೆ ಬಂದು ಕೂರುತ್ತಿತ್ತು. ಅದಕ್ಕೇ ಕ್ಯಾಮೆರಾದ ಪಾಸ್‌ವರ್ಡನ್ನೂ ಮೊದಲ ಸಲ ಆನ್ ಮಾಡಿದಾಗಲೇ ಬದಲಿಸಿದೆ. ಫರ್ಮ್‌ವೇರ್ (ಸಾಧನದೊಳಗೇ ಇರೋ ಸಾಫ್ಟ್‌ವೇರ್) ಅಪ್‌ಡೇಟ್ ಕೂಡ ಆಗಲೇ ಹಾಕಿದೆ.

ಆಮೇಲೆ ರೂಟರ್‌ನಲ್ಲಿರೋ ಯುಪಿಎನ್‌ಪಿ ಅನ್ನೋ ಸೆಟ್ಟಿಂಗ್. ನನ್ನ ಪ್ರಕಾರ ಜಾಸ್ತಿ ಗಮನ ಕೊಡಬೇಕಾದ್ದು ಇದಕ್ಕೆ. ಇದು ಆನ್ ಇದ್ದರೆ ಮನೆಯೊಳಗಿನ ಸಾಧನ 'ಈ ಪೋರ್ಟ್ ತೆರೆ' ಅಂತ ಕೇಳುತ್ತದೆ (ಪೋರ್ಟ್ ಅಂದರೆ ಹೊರಗಿನಿಂದ ಒಳಗೆ ಬರೋಕೆ ಇರೋ ನಂಬರ್ ಹಾಕಿದ ಬಾಗಿಲು), ರೂಟರ್ ನಮಗೆ ಒಂದು ಮಾತೂ ಹೇಳದೆ ತೆರೆದುಬಿಡುತ್ತದೆ. ಆಫ್ ಮಾಡುವ ಮುಂಚೆ ರೂಟರ್‌ನ ಅದೇ ಸೆಟ್ಟಿಂಗ್ ಪುಟದಲ್ಲಿದ್ದ, ತೆರೆದ ಪೋರ್ಟ್‌ಗಳ ಪಟ್ಟಿ ನೋಡಿದೆ. ಮನೆಯಲ್ಲಿದ್ದ ಹಳೇ ಕ್ಯಾಮೆರಾ 554ನೇ ಪೋರ್ಟ್ ತೆರೆಸಿಕೊಂಡಿತ್ತು. ನೇರ ವಿಡಿಯೊ ಹರಿಯುವ ಪೋರ್ಟ್ ಅದು! ಯುಪಿಎನ್‌ಪಿ ಆಫ್ ಮಾಡಿದೆ, ಆ ಸಾಲು ಅಳಿಸಿದೆ. ಹೊರಗಿನಿಂದ ಫೋನಿನಲ್ಲಿ ನೋಡಿದರೂ ಕ್ಯಾಮೆರಾ ಮೊದಲಿನ ಹಾಗೇ ಕಾಣುತ್ತಿತ್ತು. ಅದರ ಆ್ಯಪ್ ಕಂಪನಿಯ ಸರ್ವರ್ ಮೂಲಕ ಹೋಗುತ್ತದೆ. ಆ ಪೋರ್ಟ್ ಸುಮ್ನೆ ತೆರೆದಿತ್ತು, ಅಷ್ಟೇ.

ಕ್ಯಾಮೆರಾ, ಪ್ಲಗ್, ಟಿವಿ ಎಲ್ಲವನ್ನೂ ಗೆಸ್ಟ್ ವೈಫೈಗೆ (ಅದೇ ರೂಟರ್‌ನಲ್ಲಿ ಅತಿಥಿಗಳಿಗೆಂದು ಇರೋ ಬೇರೆ ವೈಫೈ) ಹಾಕಿದೆ. ಬ್ಯಾಂಕಿನ ಕೆಲಸ ಮಾಡುವ ಲ್ಯಾಪ್‌ಟಾಪ್, ಫೋನ್ ಮಾತ್ರ ಮುಖ್ಯ ವೈಫೈಯಲ್ಲಿವೆ. ಪ್ಲಗ್ ಯಾರೋ ಹ್ಯಾಕರ್ ಹಿಡಿತಕ್ಕೆ ಸಿಕ್ಕರೂ ಅಲ್ಲಿಂದ ಲ್ಯಾಪ್‌ಟಾಪ್ ತನಕ ಬರೋದು ಕಷ್ಟ. ಇದರಲ್ಲಿ ಒಂದು ತೊಂದರೆ ಇದೆ: ಫೋನಿನಿಂದ ಟಿವಿಗೆ ವಿಡಿಯೊ ಕಳಿಸೋಕೆ ಆಗುವುದಿಲ್ಲ. ಮನೆಯವರಿಗೆ ಇದು ಕಿರಿಕಿರಿ, ಆದರೂ ಟಿವಿಯನ್ನು ಅಲ್ಲೇ ಬಿಟ್ಟಿದ್ದೇನೆ. ಟಿವಿಯೊಳಗಿನ ಆ್ಯಪ್‌ನಲ್ಲೇ ನೋಡಿದರಾಯಿತು.

ಕ್ಯಾಮೆರಾ ಆ್ಯಪ್‌ಗೆ ಬೇರೆಲ್ಲೂ ಬಳಸದ ಪಾಸ್‌ವರ್ಡ್ ಕೊಟ್ಟು ಎರಡು ಹಂತದ ಲಾಗಿನ್ ಹಾಕಿದೆ. ಬೇರೆ ತಾಣಗಳಿಂದ ಕದ್ದ ಪಾಸ್‌ವರ್ಡ್‌ಗಳನ್ನು ಕಳ್ಳರು ಇಲ್ಲೂ ಹಾಕಿ ನೋಡುತ್ತಾರೆ. ಪ್ಲಗ್‌ನ ಆ್ಯಪ್ ಕಾಂಟ್ಯಾಕ್ಟ್ ಪಟ್ಟಿ ಕೇಳಿತು, ಕೊಡಲಿಲ್ಲ. ಅದು ಇಲ್ಲದೆಯೂ ಪ್ಲಗ್ ಚೆನ್ನಾಗಿ ಕೆಲಸ ಮಾಡುತ್ತಿದೆ.

ಹಳೇ ಕ್ಯಾಮೆರಾವನ್ನು ಬೇರೆಯವರಿಗೆ ಕೊಡುವಾಗ ಫ್ಯಾಕ್ಟರಿ ರೀಸೆಟ್ ಮಾಡಿದೆ. ನನ್ನ ಅಕೌಂಟಿನಿಂದಲೂ ತೆಗೆದೆ. ಎರಡೂ ಮಾಡಬೇಕು. ಅಕೌಂಟಿನಲ್ಲಿ ಹಾಗೇ ಉಳಿದರೆ ಎಷ್ಟೋ ಕ್ಯಾಮೆರಾಗಳು ಹೊಸಬರ ಫೋನಿಗೆ ಜೋಡಣೆಯೇ ಆಗುವುದಿಲ್ಲ.