ಗೊಂಬೆಯ ತಲೆಗೆ ಕೂದಲು: ಉಲನ್ನಿನಿಂದ ಮೊಹೇರ್‌ವರೆಗೆ ನನ್ನ ಅನುಭವ

ಗೊಂಬೆಯ ಕೂದಲು ನಿಜದ್ದೋ ಅಂಟಿಸಿದ್ದೋ ಎಂದು ನೋಡುವವರ ಕಣ್ಣು ತೀರ್ಮಾನಿಸುವುದು ಹಣೆಯ ಅಂಚಿನಲ್ಲಿ. ಜಡೆ ಮೊಣಕಾಲಿನವರೆಗೆ ಇಳಿದಿರಲಿ, ತುರುಬಿನ ತುಂಬ ಮಲ್ಲಿಗೆ ಇರಲಿ, ಹಣೆ ಮುಗಿದು ಕೂದಲು ಶುರುವಾಗುವ ಕಡೆ ಟೋಪಿ ಹಾಕಿದ ಹಾಗೆ ಗೆರೆ ಕಂಡರೆ ಉಳಿದ ಶ್ರಮವೆಲ್ಲ ವ್ಯರ್ಥ. ಮೈಸೂರಿನಲ್ಲಿ ವರಮಹಾಲಕ್ಷ್ಮಿ ಹಬ್ಬಕ್ಕೆ ದೇವಿಯ ಬೊಂಬೆ ಸಿಂಗರಿಸಿಕೊಡುವುದು, ದಸರಾ ಗೊಂಬೆ ರಿಪೇರಿ ಮಾಡುವುದು ನನ್ನ ಕಸುಬು. ಈಚೆಗೆ ಕಿರುಚಿತ್ರ ಮಾಡುವ ಹುಡುಗರು ಬೋಳುತಲೆಯ ಸಿಲಿಕೋನ್ ಮಗುವನ್ನು ತಂದು, ‘ಅಕ್ಕಾ, ಇದಕ್ಕೆ ಕೂದಲು ಬರಿಸಿಕೊಡಿ, ಕ್ಯಾಮೆರಾ ಹತ್ತಿರ ಹೋಗುತ್ತೆ’ ಎನ್ನುತ್ತಾರೆ. ಎರಡಕ್ಕೂ ಸಾಮಾನು ಬೇರೆ, ಕೈಚಳಕ ಬೇರೆ. ನೋಡಿ ಕಲಿಯಬೇಕಾದ್ದು ಮಾತ್ರ ಒಂದೇ: ಮನುಷ್ಯರ ತಲೆ.

ನಿಜವಾದ ಕೂದಲನ್ನೇ ಯಾಕೆ ಹಾಕಬಾರದು ಎಂದು ಬಹಳ ಜನ ಕೇಳುತ್ತಾರೆ. ನಮ್ಮಲ್ಲಿ ಅದಕ್ಕೇನೂ ಬರವಿಲ್ಲ. ಬಾಚುವಾಗ ಉದುರಿದ ಕೂದಲನ್ನು ಕೊಂಡು ಪಾತ್ರೆ ಕೊಡುವವರು ಇಂದಿಗೂ ಬೀದಿಯಲ್ಲಿ ಕೂಗುತ್ತಾ ಬರುತ್ತಾರೆ; ಕೊಪ್ಪಳದ ಭಾಗ್ಯನಗರದಲ್ಲಿ ಕೂದಲು ಬಿಡಿಸಿ, ತೊಳೆದು, ಅಳತೆ ಪ್ರಕಾರ ಜೋಡಿಸುವುದೇ ದೊಡ್ಡ ಉದ್ಯಮ. ಆದರೆ ನನ್ನ ಕೆಲಸಕ್ಕೆ ಅದು ಒಗ್ಗುವುದಿಲ್ಲ. ‘ದೇವಿಯ ತಲೆಗೆ ಕತ್ತರಿಸಿದ ಕೂದಲು ಬೇಡಮ್ಮ’ ಎಂದು ಹಿರಿಯರು ಹೇಳುತ್ತಾರೆ. ಉದುರಿದ ಕೂದಲು ಮೈಲಿಗೆ ಎಂಬ ಆ ಭಾವನೆಯನ್ನು ನಾನೂ ಗೌರವಿಸುತ್ತೇನೆ. ಇನ್ನು ಸಣ್ಣ ಗೊಂಬೆಗೆ ನಮ್ಮ ಕೂದಲು ತೀರಾ ದಪ್ಪ. ಎರಡಡಿ ಗೊಂಬೆಯ ತಲೆಯ ಮೇಲೆ ಅದು ಬಾಗದೆ ನಿಂತುಬಿಡುತ್ತದೆ.

ಹಾಗಾಗಿ ದೇವಿಗೆ ನನ್ನದು ಅಕ್ರಿಲಿಕ್ ಉಲನ್. ಬರೀ ಕಪ್ಪು ತಂದರೆ ಕೆಲಸ ಕೆಡುತ್ತದೆ. ಆ ಕಪ್ಪಿನಲ್ಲಿ ನೀಲಿ ಛಾಯೆ ಇರುತ್ತದೆ, ದೀಪದ ಬೆಳಕಿನಲ್ಲಿ ತಲೆಯೆಲ್ಲ ಒಂದೇ ಮುದ್ದೆಯಾಗಿ ಕಾಣುತ್ತದೆ. ಬಿಸಿಲಲ್ಲಿ ನಿಂತ ಯಾರ ತಲೆಯನ್ನಾದರೂ ನೋಡಿ, ನಮ್ಮ ಕಪ್ಪು ಕೂದಲಿನೊಳಗೆ ಎಷ್ಟೊಂದು ಕಂದು ಇರುತ್ತದೆ! ನಾನು ಮೂರು ಪಾಲು ಕಪ್ಪಿಗೆ ಒಂದು ಪಾಲು ಕಾಫಿ ಬಣ್ಣದ ಉಲನ್ ಬೆರೆಸುತ್ತೇನೆ. ಬಳೆಗೆ ಸುತ್ತುವ ಸಿಲ್ಕ್ ಥ್ರೆಡ್‌ನ ಕೆಲವೇ ಎಳೆ ನಡುವೆ ಸೇರಿಸಿದರೆ ಎಣ್ಣೆ ಹಚ್ಚಿ ಬಾಚಿದ ಕೂದಲಿನ ಮಿರುಗು ಬರುತ್ತದೆ. ಜಾಸ್ತಿಯಾದರೆ ಅದೇ ಕಣ್ಣಿಗೆ ಹೊಡೆಯುತ್ತದೆ.

ಉಲನ್ನನ್ನು ಬೇಕಾದ ಉದ್ದಕ್ಕೆ ಕತ್ತರಿಸಿ ಹುರಿ ಬಿಚ್ಚಬೇಕು. ಆಮೇಲೆ ನಾಯಿ ಬಾಚುವ ತಂತಿ ಬ್ರಷ್‌ನಿಂದ ತುದಿಯಿಂದ ಶುರುಮಾಡಿ ಮೇಲಕ್ಕೆ ಬಾಚುತ್ತಾ ಬರಬೇಕು. ಮೇಲಿನಿಂದ ಎಳೆದರೆ ಅರ್ಧ ಉಲನ್ ಬ್ರಷ್‌ಗೇ ಹೋಗುತ್ತದೆ. ಹತ್ತಿಯಂಥ ಧೂಳು ಸಿಕ್ಕಾಪಟ್ಟೆ ಹಾರುತ್ತದೆ, ಮಾಸ್ಕ್ ಹಾಕಿಕೊಳ್ಳಿ. ಬಾಚಿದ ಎಳೆಯಲ್ಲಿ ಹುರಿಯ ಸುಕ್ಕು ಉಳಿದಿರುತ್ತದೆ. ಕೂದಲು ನೇರ ಮಾಡುವ ಸ್ಟ್ರೈಟ್ನರ್ ಅನ್ನು ಅತಿ ಕಡಿಮೆ ಬಿಸಿಯಲ್ಲಿಟ್ಟು ನಿಧಾನವಾಗಿ ಎಳೆದರೆ ಅದು ಹೋಗುತ್ತದೆ. ಅಕ್ರಿಲಿಕ್ ಅಂದರೆ ಪ್ಲಾಸ್ಟಿಕ್, ಬಿಸಿ ಹೆಚ್ಚಾದರೆ ಮುದುಡಿ ಗಟ್ಟಿಯಾಗುತ್ತದೆ. ಮೊದಲು ಚಿಕ್ಕ ತುಂಡಿನಲ್ಲಿ ನೋಡಿಕೊಳ್ಳುವುದು ಕ್ಷೇಮ.

ಹಣೆಯ ಅಂಚೊಂದನ್ನು ಬಿಟ್ಟರೆ ಬೊಂಬೆಯ ಫೈಬರ್ ತಲೆಗೆ ನೇರವಾಗಿ ಏನನ್ನೂ ಅಂಟಿಸುವುದಿಲ್ಲ. ಕಪ್ಪು ಬನಿಯನ್ ಬಟ್ಟೆಯಲ್ಲಿ ತಲೆಗೆ ಬಿಗಿಯಾಗಿ ಕೂರುವ ಕುಲಾವಿ ಹೊಲಿಯುತ್ತೇನೆ. ಬಾಚಿದ ಎಳೆಗಳನ್ನು ಪ್ಲಾಸ್ಟಿಕ್ ಹಾಳೆಯ ಮೇಲೆ ತೆಳ್ಳಗೆ ಹರಡಿ, ಮೇಲಂಚಿಗೆ ಫೆವಿಕಾಲ್ ಗೆರೆ ಎಳೆದು ಒಣಗಿಸಿದರೆ ಕೂದಲಿನ ಪಟ್ಟಿ ಸಿದ್ಧ. ಆ ಪಟ್ಟಿಗಳನ್ನು ಕತ್ತಿನ ಹಿಂಭಾಗದಿಂದ ಶುರುಮಾಡಿ, ಸಾಲಿನ ಮೇಲೆ ಸಾಲು ಕುಲಾವಿಗೆ ಹೊಲಿಯುತ್ತಾ ನೆತ್ತಿಗೆ ಬರುತ್ತೇನೆ. ಮೇಲಿನ ಸಾಲು ಕೆಳಗಿನ ಹೊಲಿಗೆ ಮುಚ್ಚಬೇಕು. ಥರ್ಮಾಕೋಲ್ ತಲೆಯಾದರೆ ಸೂಪರ್ ಗ್ಲೂ, ರಬ್ಬರ್ ಸೊಲ್ಯೂಷನ್ ಹತ್ತಿರಕ್ಕೂ ತರಬೇಡಿ, ಥರ್ಮಾಕೋಲ್ ಕರಗಿ ಗುಂಡಿ ಬೀಳುತ್ತದೆ.

ನನ್ನ ಹೆಚ್ಚಿನ ಹೊತ್ತು ಹೋಗುವುದು ಬೈತಲೆಗೆ ಮತ್ತು ಹಣೆಗೆ. ಬೈತಲೆಗೆ ಮೈಬಣ್ಣದ ನೆಟ್ ಬಟ್ಟೆಯ ಒಂದು ಬೆರಳಗಲದ ಪಟ್ಟಿ ತೆಗೆದುಕೊಂಡು, ಅತಿ ಸಣ್ಣ ಕ್ರೋಶಾ ಕಡ್ಡಿಯಿಂದ ಎರಡೆರಡೇ ಎಳೆ ಎಳೆದು ಗಂಟು ಹಾಕುತ್ತೇನೆ. ಅರ್ಧ ಎಳೆಗಳನ್ನು ಎಡಕ್ಕೆ, ಅರ್ಧ ಬಲಕ್ಕೆ ಬಾಚಿದಾಗ ನಡುವೆ ನೆತ್ತಿಯ ಚರ್ಮ ಸಣ್ಣಗೆ ಇಣುಕುತ್ತದೆ. ಬೈತಲೆ ಬೊಟ್ಟು ಅಲ್ಲಿ ಕೂತಾಗ ಬೊಂಬೆಗೆ ಕಳೆ ಬರುತ್ತದೆ. ಹಣೆಯ ಕಡೆ ಕುಲಾವಿಯನ್ನು ಅರ್ಧ ಇಂಚು ಹಿಂದೆಯೇ ನಿಲ್ಲಿಸಿ, ಆ ಜಾಗಕ್ಕೆ ಕಡುಕಂದು ಐಶ್ಯಾಡೋವನ್ನು ಬ್ರಷ್‌ನಲ್ಲಿ ತೇಲಿಸುತ್ತೇನೆ. ಅದರ ಮೇಲೆ ನೀರು ಬೆರೆಸಿದ ಫೆವಿಕಾಲ್‌ನಲ್ಲಿ ಬಿಡಿ ಎಳೆಗಳು, ಹಿಂದೆ ಒತ್ತಾಗಿ, ಮುಂದೆ ಬರುತ್ತಾ ವಿರಳವಾಗಿ. ಕಿವಿಯ ಮುಂದೆ ನಾಲ್ಕಾರು ಮುಂಗುರುಳು ಸಾಕು. ಇಲ್ಲಿ ಕೈ ಬಿಗಿ ಹಿಡಿಯುವುದನ್ನು ಕಲಿಯಬೇಕು. ಕೂದಲು ಕಡಿಮೆ ಇದ್ದಷ್ಟೂ ಸಹಜ.

ದಸರಾ ಗೊಂಬೆಗಳಲ್ಲಿ ಋಷಿಗಳ ಗಡ್ಡಕ್ಕೆ, ಜಟೆಗೆ ನಾನು ಹಾಕುವುದು ನಮ್ಮ ಕಂಬಳಿಯ ಕುರಿ ಉಣ್ಣೆ. ಒರಟು, ಅಲ್ಲಲ್ಲಿ ಬೂದು. ಬೇರೆ ಯಾವುದಕ್ಕೂ ಒಗ್ಗದ ಆ ಒರಟುತನ ಗಡ್ಡಕ್ಕೆ ಹೇಳಿ ಮಾಡಿಸಿದ್ದು.

ಸಿಲಿಕೋನ್ ಮಗುವಿನ ಲೆಕ್ಕವೇ ಬೇರೆ. ಫೆವಿಕಾಲ್, ಫೆವಿಕ್ವಿಕ್ ಯಾವುದೂ ಅದಕ್ಕೆ ಕಚ್ಚುವುದಿಲ್ಲ. ಸಿಲಿಕೋನ್‌ಗೆ ಅಂಟುವುದು ಸಿಲಿಕೋನ್ ಒಂದೇ. ಆದ್ದರಿಂದ ಕೂದಲನ್ನು ಅಂಟಿಸದೆ ನೆಡಬೇಕು. ಇದಕ್ಕೆ ಉಲನ್ ದಪ್ಪವಾಯಿತು. ಅಂಗೋರಾ ಮೇಕೆಯ ಕೂದಲಾದ ಮೊಹೇರ್, ಅದರಲ್ಲೂ ಮರಿಯದ್ದು, ಹಸುಳೆಯ ಕೂದಲಿನಷ್ಟು ನಯ. ಆನ್‌ಲೈನ್‌ನಲ್ಲಿ ತರಿಸುತ್ತೇನೆ, ಬೆಲೆ ಹೆಚ್ಚೇ, ಆದರೆ ಒಂದು ತಲೆಗೆ ಸ್ವಲ್ಪವೇ ಸಾಕು. ಬಣ್ಣ ಹಾಕಿದ ಮೊಹೇರ್ ಆದರೆ ನೀರು ತಿಳಿಯಾಗುವವರೆಗೆ ತೊಳೆದು ಒಣಗಿಸಿಕೊಳ್ಳಿ. ಸಿಲಿಕೋನ್ ಬಣ್ಣ ಹೀರಿಕೊಂಡರೆ ಮತ್ತೆ ಬಿಡುವುದಿಲ್ಲ. ಅದೇ ಕಾರಣಕ್ಕೆ ಗುರುತು ಹಾಕಲು ಪೆನ್ನು ಮುಟ್ಟುವುದಿಲ್ಲ, ಸೀಮೆಸುಣ್ಣದ ಪುಡಿಯಲ್ಲಿ ಗೆರೆ ಎಳೆಯುತ್ತೇನೆ.

ಉಣ್ಣೆ ಚುಚ್ಚುವ ಫೆಲ್ಟಿಂಗ್ ಸೂಜಿಯ ಪಕ್ಕದಲ್ಲಿ ಮುಳ್ಳುಗಳಿರುತ್ತವೆ, ಮೆತ್ತನೆಯ ಸಿಲಿಕೋನ್ ಅದಕ್ಕೆ ಹರಿಯುತ್ತದೆ. ನಾನು ತೀರಾ ಸಣ್ಣ ಹೊಲಿಗೆ ಸೂಜಿಯ ಕಣ್ಣಿನ ತುದಿಯನ್ನು ಇಕ್ಕಳದಿಂದ ಕತ್ತರಿಸುತ್ತೇನೆ, ಪುಟ್ಟ ಕವೆ ಉಳಿಯುತ್ತದೆ. ಸೂಜಿಯ ಇನ್ನೊಂದು ತುದಿಯನ್ನು ಮರದ ಹಿಡಿಗೆ ಸಿಕ್ಕಿಸಿಕೊಂಡು, ಕವೆಯಲ್ಲಿ ಒಂದೋ ಎರಡೋ ಎಳೆ ಹಿಡಿದು ಓರೆಯಾಗಿ ಮೂರು ನಾಲ್ಕು ಮಿಲಿಮೀಟರ್ ಒಳಗೆ ತಳ್ಳಿ, ಸೂಜಿ ಮಾತ್ರ ಹೊರಗೆಳೆಯುವುದು. ಸಿಲಿಕೋನ್ ತಾನಾಗಿ ಮುಚ್ಚಿಕೊಂಡು ಎಳೆಯನ್ನು ಹಿಡಿಯುತ್ತದೆ. ಓರೆ ಇಲ್ಲದೆ ನೆಟ್ಟಗೆ ಚುಚ್ಚಿದರೆ ಕೂದಲು ಎಂದೂ ಮಲಗುವುದಿಲ್ಲ.

ಯಾವ ಕಡೆಗೆ ಓರೆ ಎಂಬುದನ್ನು ಸುಳಿ ಹೇಳುತ್ತದೆ. ಮಗುವಿನ ನೆತ್ತಿಯ ಸುಳಿ ಹೆಚ್ಚಾಗಿ ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೇ ತಿರುಗಿರುತ್ತದೆ, ತಲೆಯ ನಟ್ಟನಡುವೆ ಇರದೆ ತುಸು ಪಕ್ಕಕ್ಕೆ ಸರಿದಿರುತ್ತದೆ. ಅಲ್ಲಿಂದ ಕೂದಲು ಸುತ್ತುತ್ತಾ ಹರಡಿ, ಹಣೆಯ ಕಡೆ ಮುಂದಕ್ಕೆ, ಕತ್ತಿನ ಕಡೆ ಕೆಳಕ್ಕೆ ಬೀಳುತ್ತದೆ. ತಲೆಯ ಹಿಂಭಾಗದಲ್ಲಿ, ದಿಂಬಿಗೆ ಉಜ್ಜುವ ಜಾಗದಲ್ಲಿ, ಎಳೆ ಮಕ್ಕಳಿಗೆ ಕೂದಲು ಉದುರಿ ಬೋಳಾಗಿರುತ್ತದೆ. ಕೆಲವು ತಿಂಗಳ ಮಗು ಅಂದರೆ ಅಲ್ಲಿ ಬೇಕೆಂದೇ ವಿರಳ ಬಿಡುತ್ತೇನೆ. ಅದನ್ನು ನೋಡಿದ ಬಾಣಂತಿಯರು ತಕ್ಷಣ ಗುರುತಿಸುತ್ತಾರೆ, ನನಗೆ ಅದಕ್ಕಿಂತ ದೊಡ್ಡ ಮೆಚ್ಚುಗೆ ಬೇಡ. ತಲೆ ಒಳಗೆ ಟೊಳ್ಳಿದ್ದರೆ ಕೊನೆಗೆ ಒಳಬದಿಗೆ ಸಿಲಿಕೋನ್ ಸೀಲಂಟ್ ತೆಳ್ಳಗೆ ಬಳಿದು ಬಿಟ್ಟರೆ ಬುಡ ಭದ್ರ. ಹುಬ್ಬಿಗೆ ಇದೇ ಸೂಜಿ, ಎಳೆ ಮಾತ್ರ ಒಂದೊಂದೇ.

ಮಗುವಿನ ತಲೆಗೆ ಎಣ್ಣೆ ಹಾಕಬೇಡಿ, ಧೂಳು ಅಂಟುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ ಮೆತ್ತನೆಯ ಬ್ರಷ್‌ನಿಂದ ಬಾಚಿದರೆ ಸಾಕು. ದೇವಿಯ ಕುಲಾವಿಯನ್ನು ನೀರಿನಲ್ಲಿ ನೆನೆಸುವಂತಿಲ್ಲ, ಒಣಗಿದ ಫೆವಿಕಾಲ್ ನೀರಿಗೆ ಮೆತ್ತಗಾಗಿ ಎಳೆ ಬಿಡುತ್ತದೆ. ಹಬ್ಬ ಮುಗಿದ ಮೇಲೆ ಹೂವು, ಕುಚ್ಚು ಬಿಚ್ಚಿ, ಸಡಿಲವಾಗಿ ಜಡೆ ಹೆಣೆದು ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಮುಂದಿನ ಶ್ರಾವಣಕ್ಕೆ ಹಣೆಯ ಬಿಡಿ ಎಳೆಗಳನ್ನಷ್ಟೇ ಹೊಸದಾಗಿ ಹಾಕಿದರಾಯಿತು.